ಹಳೆಯ ಪತ್ರಿಕೆಗಳಲ್ಲಿ ‘ಕಾಗದ’: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕನ್ನಡ ಪತ್ರಿಕೆಗಳ ಸಂಪುಟ ಬಿಚ್ಚಿ ಕುಳಿತವರು ಎಡವುವುದು ಉದ್ದುದ್ದ ಸಂಸ್ಕೃತ ಸಮಾಸಗಳಲ್ಲಿ ಅಲ್ಲ. ಸಮಾಸ ಎದುರಾದರೆ ನಿಘಂಟು ತೆರೆಯುತ್ತೇವೆ. ‘ಕಾಗದ’ ಎದುರಾದರೆ ತೆರೆಯುವುದಿಲ್ಲ. ಗೊತ್ತಿರುವ ಮಾತಲ್ಲವೇ ಎಂದು ಮುಂದೆ ಹೋಗುತ್ತೇವೆ. ನಾಲ್ಕು ಸಾಲು ದಾಟುವಷ್ಟರಲ್ಲಿ ಅಂಚೆಯಲ್ಲಿ ಬಂದದ್ದು ಯಾವುದು, ಕೋರ್ಟಿಗೆ ಹಾಜರಾದದ್ದು ಯಾವುದು, ಗೋದಾಮಿನಲ್ಲಿ ಮುಗಿದುಹೋದದ್ದು ಯಾವುದು ಎಂಬುದೆಲ್ಲ ಕಲಸಿಹೋಗಿರುತ್ತದೆ. ಈ ಒಂದು ಪದದ ಬಗ್ಗೆ ಓದುಗ ಗೆಳೆಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಉದಾಹರಣೆಗೆ ಕೊಟ್ಟ ಸಣ್ಣ ವಾಕ್ಯಗಳು ನಾನೇ ಕಟ್ಟಿದವು, ಯಾವ ಪತ್ರಿಕೆಯಿಂದಲೂ ಎತ್ತಿದವಲ್ಲ.

ಒಂದೇ ‘ಕಾಗದ’ಕ್ಕೆ ಎಷ್ಟು ಅರ್ಥಗಳಿವೆ?

ದೊಡ್ಡವು ನಾಲ್ಕು. ಬರೆಯಲು, ಅಚ್ಚು ಹಾಕಲು ಬಳಸುವ ವಸ್ತು. ಅಂಚೆಯಲ್ಲಿ ಬರುವ ಓಲೆ. ಸುದ್ದಿ ಅಚ್ಚಾದ ಪತ್ರಿಕೆ. ಸಾಲ, ಕ್ರಯ, ಭೋಗ್ಯಗಳ ದಸ್ತಾವೇಜು. ಇವುಗಳ ಹಿಂದೆ ನೋಟು, ಹುಲಿ, ಹೂ, ದೋಣಿ ಮುಂತಾದ ಚಿಲ್ಲರೆ ಪರಿವಾರ. ಇಂದಿನ ಬರವಣಿಗೆಯಲ್ಲಿ ಮೊದಲನೆಯ ಅರ್ಥ ಗಟ್ಟಿಯಾಗಿದೆ, ಎರಡನೆಯದು ಹಿರಿಯರ ಬಾಯಲ್ಲಿದೆ, ನಾಲ್ಕನೆಯದು ‘ಕಾಗದಪತ್ರ’ ಎಂಬ ಜೋಡಿಯಲ್ಲಿ ಉಳಿದಿದೆ. ಮೂರನೆಯದು ಸತ್ತಿದೆ. ಹಾಗಾಗಿ ಹೆಚ್ಚು ಮೋಸ ಮಾಡುವುದೂ ಅದೇ.

ಯಾವ ಕಡೆ ಯಾವ ಅರ್ಥ ಎಂದು ತಿಳಿಯುವುದು ಹೇಗೆ?

ನಾಮಪದವನ್ನು ದಿಟ್ಟಿಸಬೇಡಿ, ಕ್ರಿಯಾಪದವನ್ನು ನೋಡಿ. ವರ್ಷಗಟ್ಟಲೆ ಈ ಸಂಪುಟಗಳ ಧೂಳು ಕುಡಿದ ಮೇಲೆ ನನಗೆ ದಕ್ಕಿದ ಉಪಾಯ ಇದೊಂದೇ.

‘ಶಾನುಭೋಗರು ಮಾವನಿಗೆ ಕಾಗದ ಬರೆದರು’ ಎಂದರೆ ಕ್ಷೇಮಸಮಾಚಾರ. ‘ಶಾನುಭೋಗರು ಮಾವನಿಗೆ ಕಾಗದ ಬರೆದುಕೊಟ್ಟರು’ ಎಂದರೆ ಗದ್ದೆ ಹೋಯಿತು. ‘ಬರೆಸಿಕೊಂಡರು’ ಎಂದರೆ ಮಾವನ ಗದ್ದೆ ಬಂತು. ಒಂದು ‘ಕೊಡು’, ಒಂದು ‘ಕೊಳ್ಳು’, ಅಷ್ಟರಲ್ಲಿ ಆಸ್ತಿಯೇ ಕೈ ಬದಲಾಯಿಸುತ್ತದೆ. ‘ಕಾಗದ ಹಾಕಿದರು’ ಎಂದರೆ ಅಂಚೆ ಡಬ್ಬಿಗೆ. ‘ಹಾಜರುಪಡಿಸಿದರು’ ಎಂದರೆ ಕೋರ್ಟಿಗೆ. ಕಾಗದ ‘ಬಂದಿದೆ’ ಎಂದರೆ ಓಲೆ, ‘ಹೊರಡುತ್ತದೆ’ ಎಂದರೆ ಪತ್ರಿಕೆ. ಲೆಕ್ಕ ದಸ್ತಿನಲ್ಲೋ ರೀಮಿನಲ್ಲೋ ಇದ್ದರೆ ವಸ್ತು. ದಸ್ತು ಅಂದರೆ 24 ಹಾಳೆ, ಅಂಥ 20 ದಸ್ತು ಸೇರಿದರೆ ಹಳೆಯ ಲೆಕ್ಕದ 480 ಹಾಳೆಗಳ ರೀಮು. ಈಗಿನ ರೀಮಿನಲ್ಲಿ 500 ಇರುತ್ತವೆ.

ಈ ಉಪಾಯವೂ ಕೈಕೊಡುವ ಒಂದು ಕ್ರಿಯಾಪದವಿದೆ: ‘ಹರಿದು ಹಾಕಿದರು’. ಅಲ್ಲಿ ಕರ್ತೃ ಯಾರೆಂದು ನೋಡಬೇಕು. ಸಾಹುಕಾರ ಹರಿದರೆ ಸಾಲ ತೀರಿತು. ಮನೆಯೊಡೆಯ ಹೊಸ್ತಿಲಾಚೆಯೇ ನಿಂತು ಹರಿದರೆ ಎಲ್ಲೋ ಸಾವಾಗಿದೆ. ಸಂಪಾದಕ ಹರಿದರೆ ಯಾರದೋ ಕವಿತೆ ಹೋಯಿತು.

ವೃತ್ತಪತ್ರಿಕೆಯನ್ನು ನಿಜವಾಗಿಯೂ ‘ಕಾಗದ’ ಎಂದು ಕರೆಯುತ್ತಿದ್ದರೇ?

ಕರೆಯುತ್ತಿದ್ದರು. ಅದೂ ಕನ್ನಡದ ಮೊದಲ ಪತ್ರಿಕೆಯೇ ತನ್ನನ್ನು ಹಾಗೆ ಕರೆದುಕೊಂಡಿತು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ, ಪಕ್ಷಕ್ಕೊಮ್ಮೆ ಒಂದು ಕಾಗದ ಸಿದ್ಧಮಾಡಿ ಓದಬಯಸುವ ಎಲ್ಲರಿಗೂ ಕೊಟ್ಟರೆ ಗೋಡೆಗೆ ಕಿಟಕಿ ಮಾಡಿದ ಹಾಗಾಗುತ್ತದೆ ಎಂಬ ಅರ್ಥದ ಮಾತನ್ನು ಮೊದಲ ಸಂಚಿಕೆಯಲ್ಲೇ ಬರೆದರು. ಅವರ ಲೇಖನಿಯಲ್ಲಿ ಅದು ‘ಸಮಾಚಾರ ಕಾಗದ’. ಒಳಗಿನ ವಿಭಾಗಗಳ ಹೆಸರೂ ಸೊಗಸು: ಊರ ವರ್ತಮಾನ, ಸರಕಾರದ ನಿರೂಪಗಳು, ಸರ್ವರಾಜ್ಯ ವರ್ತಮಾನಗಳು, ನೂತನವಾದ ಆಶ್ಚರ್ಯ ಸುದ್ದಿಗಳು. ಕಡೆಯದನ್ನು ಯಾವ ಸಂಪಾದಕರಾದರೂ ಮತ್ತೆ ಬಳಕೆಗೆ ತರಬಾರದೇ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಇಂಗ್ಲಿಷಿನ ‘ನ್ಯೂಸ್ ಪೇಪರ್’ ಎಂಬುದರ ಪಡಿಯಚ್ಚಲ್ಲವೇ ಇದು ಎಂದು ಕೇಳುವವರಿದ್ದಾರೆ. ಇರಬಹುದು. ಆದರೆ ಪಡಿಯಚ್ಚಿನ ಪದಗಳು ಸಾಮಾನ್ಯವಾಗಿ ಕಿವಿಗೆ ಒರಟಾಗಿರುತ್ತವೆ, ಇದು ಹಾಗಿಲ್ಲ. ಏಕೆಂದರೆ ಕನ್ನಡಿಗರಿಗೆ ಕಾಗದವೆಂದರೆ ಆಗಲೇ ದೂರದ ಸುದ್ದಿ ಹೊತ್ತು ತರುವ ಓಲೆಯಾಗಿತ್ತು. ಒಬ್ಬರಿಗೆ ಬರೆದ ಕಾಗದ ಓಲೆ. ಅದನ್ನೇ ಊರಿಗೆಲ್ಲ ಬರೆದರೆ ಸಮಾಚಾರ ಕಾಗದ. ಕಲ್ಲಚ್ಚಿನಲ್ಲಿ, ಅಂದರೆ ಕೈಬರಹವನ್ನೇ ಕಲ್ಲಿನ ಮೇಲೆ ಮೂಡಿಸಿ ಒತ್ತುವ ವಿಧಾನದಲ್ಲಿ, ಮುದ್ರಣವಾದ್ದರಿಂದ ಆ ಪುಟಗಳು ಕಣ್ಣಿಗೂ ಕೈಬರಹದ ಓಲೆಯ ಹಾಗೆಯೇ ಕಾಣುತ್ತವೆ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಜುಲೈ 1 ಇಂದಿಗೂ ಕರ್ನಾಟಕದ ಪತ್ರಿಕಾ ದಿನ. ‘ಕಾಗದ ದಿನ’ ಎಂದು ಮಾತ್ರ ಯಾರೂ ಅನ್ನುವುದಿಲ್ಲ.

ಹಾಗಿದ್ದರೆ ಆ ಅರ್ಥ ಬಿದ್ದುಹೋದದ್ದು ಏಕೆ?

ಸಂಪಾದಕರ ಕುರ್ಚಿಗೆ ಪಂಡಿತರು ಬಂದರು. ಮೈಸೂರಿನಲ್ಲಿ 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರು ಆರಂಭಿಸಿದ್ದು ‘ಮೈಸೂರು ವೃತ್ತಾಂತ ಬೋಧಿನಿ’. 1885ರಲ್ಲಿ ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಹೊರಡಿಸಿದ್ದು ‘ವೃತ್ತಾಂತ ಚಿಂತಾಮಣಿ’. ಬೋಧಿನಿ, ಚಿಂತಾಮಣಿಗಳ ಪಕ್ಕದಲ್ಲಿ ‘ಕಾಗದ’ ಪಂಚೆಯುಟ್ಟು ದರ್ಬಾರಿಗೆ ಬಂದ ರೈತನಂತೆ ಕಂಡಿರಬೇಕು. ವೃತ್ತಾಂತ ಪತ್ರಿಕೆ, ವೃತ್ತಪತ್ರಿಕೆ, ಪತ್ರಿಕೆ ಎಂಬ ಸಂಸ್ಕೃತದ ಮಾತುಗಳು ಗದ್ದುಗೆಗೇರಿದವು.

ತಮಾಷೆಯೆಂದರೆ ಜನ ಅದನ್ನು ಪೂರ್ತಿ ಒಪ್ಪಲಿಲ್ಲ. ಬರಹದಲ್ಲಿ ‘ಪತ್ರಿಕೆ’ ಎಂದರು, ಬಾಯಲ್ಲಿ ‘ಪೇಪರು’ ಎಂದರು. ಮುಂಬಾಗಿಲಲ್ಲಿ ಕಳಿಸಿಕೊಟ್ಟ ಕಾಗದವೇ ಹಿತ್ತಲಲ್ಲಿ ಇಂಗ್ಲಿಷ್ ಅಂಗಿ ತೊಟ್ಟು ಒಳಗೆ ಬಂತು. ಬಂಗಾಳಿಗಳು ಈ ಸುತ್ತು ಹಾಕಲಿಲ್ಲ. ಅವರಿಗೆ ದಿನಪತ್ರಿಕೆ ಇಂದಿಗೂ ‘ಖಬರೇರ್ ಕಾಗೊಜ್’, ಅಂದರೆ ಸುದ್ದಿಯ ಕಾಗದ.

‘ಸಮಾಚಾರ ಕಾಗದ’ ಮತ್ತು ‘ಸುದ್ದಿ ಕಾಗದ’ ಒಂದೇ ಅಲ್ಲವೇ?

ಅಲ್ಲ. 1843ರ ‘ಸಮಾಚಾರ ಕಾಗದ’ ಓದುವ ಪತ್ರಿಕೆ. ಇಪ್ಪತ್ತನೆಯ ಶತಮಾನದ ‘ಸುದ್ದಿ ಕಾಗದ’ ಅಥವಾ ‘ಮುದ್ರಣ ಕಾಗದ’ ಪತ್ರಿಕೆ ಅಚ್ಚು ಹಾಕಲು ತರಿಸಿದ, ಇನ್ನೂ ಅಚ್ಚಾಗದ ಖಾಲಿ ಕಾಗದದ ಉರುಳೆ. ಎರಡೂ ಪದಗಳ ಮೈಕಟ್ಟು ಒಂದೇ ಆದರೂ ಒಂದು ಮುಗಿಯುವ ಕಡೆಯಲ್ಲಿ ಇನ್ನೊಂದು ಶುರುವಾಗುತ್ತದೆ.

ಈ ಪದ ಕನ್ನಡಕ್ಕೆ ಬಂದದ್ದು ಎಲ್ಲಿಂದ?

ಪಾರಸಿಯ ‘ಕಾಗಜ್’ನಿಂದ. ಮರಾಠಿಯಲ್ಲಿ ಅದು ಕಾಗದ, ತೆಲುಗಿನಲ್ಲಿ ಕಾಗಿತ, ತುಳುವಿನಲ್ಲಿ ಕಾಕಜಿ. ಮಲಯಾಳ ಮಾತ್ರ ಅರಬ್ಬೀ ಕಡೆಯಿಂದ ಬಂದ ‘ಕಡಲಾಸ್’ ಇಟ್ಟುಕೊಂಡಿತು. ಕಾಗದ ಬರುವ ಮುನ್ನ ನಮ್ಮಲ್ಲಿ ತಾಳೆಗರಿಯ ಓಲೆ ಇತ್ತು. ಬಟ್ಟೆಗೆ ಕಪ್ಪು ಲೇಪ ಕೊಟ್ಟು ಬಳಪದಲ್ಲಿ ಬರೆದು ಮಡಿಸಿಡುವ ಕಡತವೂ ಇತ್ತು. ವಸ್ತುಗಳು ಹೋದವು, ಹೆಸರುಗಳು ಬೇರೆ ಕೆಲಸ ಹುಡುಕಿಕೊಂಡವು. ಕಡತ ಸರ್ಕಾರಿ ಕಚೇರಿ ಸೇರಿ ಫೈಲು ಆಯಿತು, ಓಲೆ ಹೆಂಗಸರ ಕಿವಿಗೇರಿತು.

ಓಲೆ ಎಂಬ ಅರ್ಥ ಬ್ರಿಟಿಷರ ಅಂಚೆ ಬಂದ ಮೇಲಿನದೇ?

ಅದಕ್ಕಿಂತ ಬಹಳ ಹಳೆಯದು. ಪುರಂದರದಾಸರ ಒಂದು ಕೀರ್ತನೆಯಲ್ಲಿ ಕಮಲನಾಭನಿಂದಲೇ ಕಾಗದ ಬರುತ್ತದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು.

ಪತ್ರಿಕೆ ಓದುವಾಗ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 1879ರ ಜುಲೈ 1ರಂದು, ಮತ್ತೆ ಅದೇ ಜುಲೈ 1, ಕಾಲಾಣೆಯ ಅಂಚೆ ಕಾರ್ಡು ಬಂತು. ಆಮೇಲೆ ಪತ್ರಿಕಾ ಕಚೇರಿಗಳ ಸೂಚನೆಗಳಲ್ಲಿ ಕಾರ್ಡು, ಲಕೋಟೆ, ಕಾಗದ ಎಂದು ಮೂರು ಬೇರೆ ಬೇರೆ ಮಾತುಗಳು ಕಾಣುತ್ತವೆ. ಮನೆಮಾತಿನಲ್ಲಿ ಮಾತ್ರ ಕಾರ್ಡೂ ಕಾಗದವೇ. ‘ಮಗನ ಕಾಗದ ಬಂತೇ?’ ಎಂದು ಕೇಳಿದ ತಾಯಿಗೆ ಅದು ಕಾರ್ಡೋ ಲಕೋಟೆಯೋ ಮುಖ್ಯವಲ್ಲ.

ಮನೆಯ ಕಾಗದಕ್ಕೆ ಒಂದು ಶಾಸ್ತ್ರವಿತ್ತು. ನೆತ್ತಿಯಲ್ಲಿ ‘ಶ್ರೀ’, ಪಕ್ಕದಲ್ಲಿ ‘ಕ್ಷೇಮ’, ಆಮೇಲೆ ‘ಉಭಯಕುಶಲೋಪರಿ ಸಾಂಪ್ರತ’, ಅದಾದ ಮೇಲೆ ವಿಷಯ. ಮದುವೆಯ ಕರೆಯೋಲೆಯ ಮೂಲೆಗೆ ಅರಿಸಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡಿಗೆ ‘ಶ್ರೀ’ ಇಲ್ಲ, ‘ಅಶುಭ’ ಎಂಬ ತಲೆಬರಹ. ಅದನ್ನು ಓದಿ ಹೊರಗೇ ಹರಿದು ಹಾಕುವುದು ರೂಢಿ. ಹಳೆಯ ಕಥೆಗಳಲ್ಲಿ ಪಾತ್ರವೊಂದು ಕಾಗದ ಹಿಡಿದು ಜಗುಲಿಯಲ್ಲೇ ನಿಂತುಬಿಟ್ಟರೆ ಅಂದಿನ ಓದುಗರಿಗೆ ಬೇರೆ ವಿವರಣೆ ಬೇಕಿರಲಿಲ್ಲ. ಮಿಂಚಂಚೆಯ ಕಾಲದ ಓದುಗನಿಗೆ ಅಲ್ಲೊಂದು ಅಡಿಟಿಪ್ಪಣಿ ಬೇಕು.

‘ಕಾಗದದ ಒಂದೇ ಮಗ್ಗುಲಿಗೆ ಬರೆದು ಕಳುಹಿಸಿ’ ಎಂಬ ಸೂಚನೆ ಏಕೆ?

ಇದು ಸಂಪಾದಕರ ಚೋದ್ಯವಲ್ಲ, ಅಚ್ಚಿನ ಮೊಳೆ ಜೋಡಿಸುವವರ ಅನುಕೂಲ. ಅವಸರವಿದ್ದಾಗ ಲೇಖನವನ್ನು ತುಂಡು ತುಂಡು ಕತ್ತರಿಸಿ ನಾಲ್ಕೈದು ಮಂದಿಗೆ ಹಂಚುತ್ತಿದ್ದರು. ಹಿಂಬದಿಯಲ್ಲೂ ಬರೆದಿದ್ದರೆ ಮೂರನೆಯ ಪುಟ ಕತ್ತರಿಸುವಾಗ ನಾಲ್ಕನೆಯ ಪುಟದ ಹೊಟ್ಟೆ ಸೀಳುತ್ತದೆ. ಶಾಯಿ ಆಚೆಗೆ ಇಳಿದು ಅಕ್ಷರ ಮಸುಕಾಗುವ ತೊಂದರೆಯೂ ಇತ್ತು. ಆದರೂ ಬರೆಯುವವರು ಮಿತವ್ಯಯಿಗಳು. ಅದೇ ಸೂಚನೆ ಸಂಚಿಕೆಯಿಂದ ಸಂಚಿಕೆಗೆ ಹಠ ಹಿಡಿದು ಬರುತ್ತಿತ್ತು ಎಂದರೆ ಅದನ್ನು ಎಷ್ಟು ಜನ ಪಾಲಿಸಿರಬಹುದು ಎಂಬುದು ತಿಳಿಯುತ್ತದೆ.

ಕೋರ್ಟಿನ ವರದಿಗಳಲ್ಲಿ ಬರುವ ‘ಕಾಗದ’ ಎಂದರೆ ಯಾವುದು?

ಬಹುಪಾಲು ದಸ್ತಾವೇಜು. ‘ಕಾಗದ ಸೃಷ್ಟಿಸಿದ’ ಎಂದಿದ್ದರೆ ಅದು ಸುಳ್ಳು ದಸ್ತಾವೇಜು; ‘ಸೃಷ್ಟಿ’ ಎಂಬ ದೊಡ್ಡ ಪದ ಇಷ್ಟು ಹೀನ ಕೆಲಸಕ್ಕೆ ಇಳಿದದ್ದು ಕೋರ್ಟಿನ ಕನ್ನಡದಲ್ಲಿ ಮಾತ್ರ. ‘ಛಾಪಾ ಕಾಗದ’ ಎಂದರೆ ಸರ್ಕಾರದ ಮುದ್ರೆಯೊತ್ತಿದ ಸ್ಟಾಂಪು ಕಾಗದ. ಇದನ್ನು ಛಾಪಖಾನೆಯ ಕಾಗದ ಎಂದು ತಿಳಿದು ಮುದ್ರಣದ ಇತಿಹಾಸ ಬರೆಯಹೊರಟವರನ್ನು ಕಂಡಿದ್ದೇನೆ. ನಾನೂ ಒಮ್ಮೆ ಹಾಗೆಯೇ ಓದಿ ಅರ್ಧ ದಿನ ಕಳೆದುಕೊಂಡವನು.

‘ಕಾಗದಪತ್ರ’ ಎಂಬಲ್ಲಿ ಒಂದೇ ಅರ್ಥ ಎರಡು ಬಾರಿ ಬಂದಿದೆ, ಪಾರಸಿಯದೊಂದು, ಸಂಸ್ಕೃತದ್ದೊಂದು. ಎರಡು ಭಾಷೆಯ ಪದಗಳನ್ನು ಹೀಗೆ ಜೋಡಿಸಿ ಹೇಳಿದರೆ ಕನ್ನಡಿಗನಿಗೆ ಮಾತಿಗೆ ತೂಕ ಬಂದಂತೆ.

‘ಕಾಗದದ ಅಭಾವದಿಂದ ಪುಟಗಳನ್ನು ಕಡಿಮೆ ಮಾಡಿದ್ದೇವೆ’ ಎಂದು ಬರುವುದು ಯಾವ ಕಾಲದಲ್ಲಿ?

ಎರಡನೆಯ ಮಹಾಯುದ್ಧದ ವರ್ಷಗಳ ಸಂಚಿಕೆಗಳಲ್ಲಿ ಕಾಗದಕ್ಕೆ ವಸ್ತುವಿನ ಅರ್ಥ ಬಿಟ್ಟು ಬೇರೆ ನೆನಪಾಗದಷ್ಟು ಬರ. ಭಾರತದ ಪತ್ರಿಕೆಗಳು ಅಚ್ಚಾಗುತ್ತಿದ್ದ ಅಗ್ಗದ ಕಾಗದ ಬರುತ್ತಿದ್ದುದು ಸ್ಕಾಂಡಿನೇವಿಯಾ, ಕೆನಡಾಗಳಂಥ ದೂರದ ನಾಡುಗಳಿಂದ. 1940ರಲ್ಲಿ ಜರ್ಮನಿ ನಾರ್ವೆಯನ್ನು ಹಿಡಿಯಿತು, ಹಡಗುಗಳು ಯುದ್ಧದ ಕೆಲಸಕ್ಕೆ ಹೋದವು, ಸರ್ಕಾರ ಕಾಗದಕ್ಕೆ ನಿಯಂತ್ರಣ ಹಾಕಿತು. ನಾರ್ವೆಯ ಪತನ ಕನ್ನಡ ಓದುಗನಿಗೆ ಎರಡು ಸಲ ತಲುಪಿತು ಎನ್ನಬಹುದು: ಮೊದಲು ಸುದ್ದಿಯಾಗಿ, ಆಮೇಲೆ ತೆಳ್ಳಗಾದ ಪತ್ರಿಕೆಯಾಗಿ. ಆ ಕಾಲದ ಸಂಚಿಕೆಗಳಲ್ಲಿ ಅಕ್ಷರ ಚಿಕ್ಕದಾಗುತ್ತದೆ, ಅಂಚು ಕಿರಿದಾಗುತ್ತದೆ, ಒಂದೇ ಸಂಪುಟದಲ್ಲಿ ಮೂರು ಬಣ್ಣದ ಹಾಳೆಗಳು ಬರುತ್ತವೆ. ಸಿಕ್ಕಿದ್ದರಲ್ಲಿ ಅಚ್ಚು ಹಾಕಿದ್ದಾರೆ.

ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಗಿತ್ತಲ್ಲ ಎಂದು ಕೇಳುತ್ತಾರೆ. ಆಗಿತ್ತು. ಆದರೆ ಮಲೆನಾಡಿನ ಬಿದಿರಿನಿಂದ ಅಲ್ಲಿ ತಯಾರಾಗುತ್ತಿದ್ದುದು ಬರೆಯುವ, ಪುಸ್ತಕ ಅಚ್ಚು ಹಾಕುವ ಜಾತಿಯ ಕಾಗದ. ಸುದ್ದಿ ಕಾಗದವೇ ಬೇರೆ. ದೇಶದಲ್ಲಿ ಅದನ್ನು ಮೊದಲು ತಯಾರಿಸಿದ್ದು ಮಧ್ಯಪ್ರದೇಶದ ನೇಪಾನಗರದ ಕಾರ್ಖಾನೆ, 1950ರ ದಶಕದ ನಡುವಿನಲ್ಲಿ. ಭದ್ರಾವತಿ ಆ ಕೆಲಸಕ್ಕೆ ಇಳಿದದ್ದು 1980ರ ದಶಕದ ಆರಂಭದಲ್ಲಿ. ಈಗ ಅಲ್ಲಿ ಯಂತ್ರಗಳು ನಿಂತಿವೆ. ದಾಂಡೇಲಿಯದು ಮತ್ತೊಂದು ಕಾರ್ಖಾನೆ, ಐವತ್ತರ ದಶಕದ ಸ್ಥಾಪನೆ.

ಸ್ವಾತಂತ್ರ್ಯ ಬಂದ ಮೇಲೂ ಹಂಚಿಕೆಯ ಕಾಟ ತಪ್ಪಲಿಲ್ಲ. ಯಾವ ಪತ್ರಿಕೆಗೆ ಎಷ್ಟು ಕಾಗದ ಎಂಬುದನ್ನು ಸರ್ಕಾರ ಗೊತ್ತುಮಾಡುತ್ತಿತ್ತು. ಪುಟಗಳ ಸಂಖ್ಯೆಗೆ ತಕ್ಕಂತೆ ಬೆಲೆ ನಿಗದಿ ಮಾಡಲು 1956ರಲ್ಲಿ ಕಾಯ್ದೆ ಬಂತು. ಪುಣೆಯ ‘ಸಕಾಳ್’ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ತಳ್ಳಿಹಾಕಿತು. ಹತ್ತು ಪುಟಗಳ ಮಿತಿ ಹೇರಿದ್ದ ಕಾಗದ ನೀತಿಯೂ 1972ರಲ್ಲಿ ಅದೇ ಕೋರ್ಟಿನಲ್ಲಿ ಬಿದ್ದುಹೋಯಿತು. ಹಾಳೆಯ ಲೆಕ್ಕ ವಾಕ್‌ಸ್ವಾತಂತ್ರ್ಯದ ಲೆಕ್ಕವೂ ಹೌದು ಎಂಬುದು ಆ ಎರಡು ತೀರ್ಪುಗಳ ತಿರುಳು. ಆ ವರ್ಷಗಳ ಸಂಪಾದಕೀಯಗಳಲ್ಲಿ ‘ಕಾಗದ’ ಕಂಡರೆ ಅದು ಗೋದಾಮಿನ ಮಾತೂ ಹೌದು, ಸಂವಿಧಾನದ ಮಾತೂ ಹೌದು.

ಜಾಹೀರಾತಿನಲ್ಲಿ ಒಂದೇ ಪುಸ್ತಕಕ್ಕೆ ಎರಡು ಬೆಲೆ ಏಕೆ?

ಸಾಧಾರಣ ಕಾಗದದ ಪ್ರತಿ ಅಗ್ಗ, ಉತ್ತಮ ಕಾಗದಕ್ಕೆ ರಟ್ಟು ಕಟ್ಟಿದ ಪ್ರತಿ ದುಬಾರಿ. ಒಳಗಿನ ಅಕ್ಷರ ಅದೇ. ಡೆಮಿ, ಕ್ರೌನ್ ಎಂಬುವು ಕಾಗದದ ಜಾತಿಯಲ್ಲ, ಹಾಳೆಯ ಅಳತೆ.

ನೋಟಿಗೂ ಕಾಗದ ಎನ್ನುತ್ತಿದ್ದರೇ?

‘ಕಾಗದದ ಹಣ’ ಎನ್ನುತ್ತಿದ್ದರು, ಸ್ವಲ್ಪ ಅನುಮಾನದಿಂದ. 1861ರ ಕಾಯ್ದೆಯ ಮೇಲೆ ಸರ್ಕಾರವೇ ನೋಟು ಹೊರಡಿಸಲು ಶುರುಮಾಡಿತು. ಒಂದು ರೂಪಾಯಿಯ ನೋಟು ಬಂದದ್ದು ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದಾದಾಗ, 1917ರಲ್ಲಿ. ಬೆಳ್ಳಿಯ ರೂಪಾಯಿಯನ್ನು ಕಲ್ಲಿಗೆ ಬಡಿದು ನಾದ ಕೇಳಿ ತೆಗೆದುಕೊಳ್ಳುವ ರೂಢಿಯಿದ್ದವರಿಗೆ ಸದ್ದಿಲ್ಲದ ಹಣ ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಕಾಗದದ ಹುಲಿ, ಕಾಗದದ ಹೂ, ಕಾಗದದ ಮೇಲಿನ ಯೋಜನೆ?

ಹುಲಿ ಚೀನಾದ್ದು, ಮಾವೋ ಬಾಯಿಂದ ಜಗತ್ತಿಗೆ ಹರಡಿದ್ದು; ನಮ್ಮ ಪತ್ರಿಕೆಗಳಿಗೆ ಇಂಗ್ಲಿಷಿನ ಮೂಲಕ ಬಂತು. ಹೂ ನಮ್ಮ ಬೇಲಿಯದೇ: ಬೋಗನ್‌ವಿಲ್ಲಾಗೆ ಮನೆಮಂದಿ ಇಟ್ಟ ಹೆಸರು. ಕೈತೋಟದ ಅಂಕಣದಲ್ಲಿ ‘ಕಾಗದದ ಹೂವಿಗೆ ನೀರು’ ಎಂದಿದ್ದರೆ ಮುದ್ರಣದೋಷವೆಂದು ತಿದ್ದಬೇಡಿ. ‘ಕಾಗದದ ಮೇಲೆ ಮಾತ್ರ ಇರುವ ಯೋಜನೆ’ ಎಂಬುದು ಇಂಗ್ಲಿಷ್ ಓದಿದ ಲೇಖನಿಯ ಗುರುತು. ಪುಸ್ತಕ ಬಿಟ್ಟು ಆಚೆಗೆ ಬಾಳದ ಜ್ಞಾನಕ್ಕೆ ಕನ್ನಡದಲ್ಲಿ ‘ಪುಸ್ತಕದ ಬದನೆಕಾಯಿ’ ಎಂಬ ಎಷ್ಟೋ ರುಚಿಯಾದ ಮಾತಿದೆ.

1843ರ ಹಾಳೆ ಗಟ್ಟಿ, 1943ರದು ಪುಡಿ. ಹೇಗೆ?

ಹಳೆಯ ಕಾಗದ ಚಿಂದಿ ಬಟ್ಟೆಯ ನಾರಿನದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಮರದ ತಿರುಳು ಬಂತು. ಅಗ್ಗದ ಸುದ್ದಿ ಕಾಗದದಲ್ಲಿ ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ಅಂಶ ಹಾಗೆಯೇ ಉಳಿದಿರುತ್ತದೆ, ಬಿಸಿಲು ಗಾಳಿಗೆ ಹಳದಿಯಾಗುತ್ತದೆ. ಶಾಯಿ ಹರಡದಂತೆ ಸೇರಿಸುತ್ತಿದ್ದ ಪಟಿಕ ಒಳಗೊಳಗೇ ಆಮ್ಲವಾಗಿ ನಾರನ್ನು ತಿನ್ನುತ್ತದೆ. ಹಾಗಾಗಿ ಅಜ್ಜನ ಕಾಲದ ವಾರಪತ್ರಿಕೆಗಿಂತ ಅವನ ಮುತ್ತಜ್ಜನ ಕಾಲದ ಕಲ್ಲಚ್ಚಿನ ಹಾಳೆ ಆರೋಗ್ಯವಾಗಿರಬಹುದು. ಉಳಿದದ್ದನ್ನು ರದ್ದಿಯಂಗಡಿ, ಗೆದ್ದಲು ಮತ್ತು ಕಡಲೆಕಾಯಿ ಪೊಟ್ಟಣಗಳು ಸಮನಾಗಿ ಹಂಚಿಕೊಂಡವು.

ಮನೆಯ ಅಟ್ಟದಲ್ಲಿ ಅಂಥ ಸಂಚಿಕೆಗಳಿವೆ. ಏನು ಮಾಡಲಿ?

ಹರಿದ ಕಡೆ ಪಾರದರ್ಶಕ ಅಂಟುಪಟ್ಟಿ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಪಟ್ಟಿ ಉದುರಿ ಕಂದು ಕಲೆ ಉಳಿಯುತ್ತದೆ. ಬಿಸಿಲಿಗೆ ಒಣಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಬೇಡಿ, ತೇವ ಒಳಗೇ ನಿಲ್ಲುತ್ತದೆ. ಮಡಿಕೆ ಬಿಡಿಸಿ, ಮಟ್ಟಸವಾಗಿ ಮಲಗಿಸಿ, ಮೊ‌ದಲು ಒಂದು ಚಿತ್ರ ತೆಗೆದುಕೊಳ್ಳಿ. ಪುಟಗಳ ನಡುವೆ ಯಾರದೋ ಕಾರ್ಡು, ಲಕೋಟೆ ಸಿಕ್ಕಿದರೆ ಅದು ಯಾವ ಪುಟದಲ್ಲಿತ್ತು ಎಂದು ಬರೆದಿಟ್ಟುಕೊಂಡೇ ಹೊರತೆಗೆಯಿರಿ.